ಗೋಡೆಯಾಚೆಯ ಇಬ್ಬರು

ಬಿಳಿಗೆರೆ
೧೭ ಫೆಬ್ರವರಿ ೨೦೨೫

ಪ್ರಸಾದ್ ಅವರಿಗೆ,

ನಮಸ್ಕಾರ. ಹೆಸರಿನ ಹಿಂದೆ 'ಪ್ರೀತಿಯ' ಎಂದು ಬರೆಯುವುದೇ ರೂಢಿ. ನಿನ್ನೆ ನೀವು ಕಳಿಸಿದ ಮೆಸೇಜು ಓದಿದ ಮೇಲೆ ಆ ಪದ ಬರೆಯಲು ಕೈ ಬರಲಿಲ್ಲ. 'ಆ ಕೋಣೆಯಲ್ಲಿ ನಿನ್ನ ಜೊತೆ ಯಾರಿದ್ದರು? ಹೇಳದಿದ್ದರೆ ವಕೀಲರನ್ನು ನೋಡುತ್ತೇನೆ' ಎಂದಿದ್ದೀರಿ. ಫೋನಿನಲ್ಲಾದರೆ ಇಬ್ಬರೂ ಕೂಗಾಡಿ ಇಟ್ಟುಬಿಡುತ್ತೇವೆ. ಅದಕ್ಕೇ ಈ ಕಾಗದ.

ಎಂಟು ದಿನದ ಹಿಂದೆ, ಅವತ್ತು ಭಾನುವಾರ, ನಿಮ್ಮ ಕಾರು ಹೇಳದೆ ಕೇಳದೆ ಬಂದು ಅಂಗಳದಲ್ಲಿ ನಿಂತಾಗ, ನೀವು ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದೀರಿ ಎಂದು ಅಮ್ಮ ಗಡಿಬಿಡಿಯಲ್ಲಿ ಉಪ್ಪಿಟ್ಟಿಗೆ ಇಟ್ಟಳು. ಸುಳ್ಳು ಯಾಕೆ ಹೇಳಲಿ, ನಾನೂ ಹಾಗೇ ಅಂದುಕೊಂಡೆ. ಒಳಗೆ ಹೋಗಿ ತಲೆ ಬಾಚಿಕೊಂಡೆ. ಆದರೆ ನೀವು ಡಿಕ್ಕಿಯಿಂದ ಇಳಿಸಿದ್ದು ನಿಮ್ಮ ಲ್ಯಾಬಿನ ಪೆಟ್ಟಿಗೆ.

ಜಗಲಿಯ ಮೇಲೆ ಸ್ಟ್ಯಾಂಡು ನಿಲ್ಲಿಸಿ ಯಂತ್ರವನ್ನು ನಡುಮನೆಯ ಸುಣ್ಣದ ಗೋಡೆಗೆ ತಿರುಗಿಸಿದಿರಿ. ನನ್ನ ತಮ್ಮ ಶಿವಮೂರ್ತಿಗೆ ನೀವು ವಿವರಿಸುತ್ತಿದ್ದುದು ಒಳಗೂ ಕೇಳುತ್ತಿತ್ತು. ಕಣ್ಣಿಗೆ ಕಾಣದ ಬೆಳಕನ್ನು ಗೋಡೆಯ ಮೇಲೆ ಬಿಟ್ಟರೆ ಅದು ಎಲ್ಲ ದಿಕ್ಕಿಗೂ ಚೆದುರುತ್ತದೆ. ಚೆದುರಿದ್ದರಲ್ಲಿ ಒಂದಿಷ್ಟು ಎದುರಿನ ಬಾಗಿಲಿನೊಳಗೆ ಹೋಗಿ, ಅಲ್ಲಿರುವುದಕ್ಕೆ ತಾಗಿ, ಮತ್ತೆ ಗೋಡೆಗೆ ಬಂದು, ಅಲ್ಲಿಂದ ಯಂತ್ರಕ್ಕೆ ಮರಳುತ್ತದೆ. ಯಾವುದು ಎಷ್ಟು ತಡವಾಗಿ ಬಂತು ಎಂಬ ಲೆಕ್ಕದಿಂದ ಕಂಪ್ಯೂಟರು ಮರೆಯಲ್ಲಿರುವುದರ ಆಕಾರ ಬಿಡಿಸುತ್ತದೆ. ಕುಸಿದ ಮನೆಯಲ್ಲಿ ಸಿಕ್ಕಿಕೊಂಡವರನ್ನು ಹುಡುಕಲು ಇದು ಬೇಕಾಗುತ್ತದೆ, ಅದನ್ನೇ ಪರೀಕ್ಷಿಸಲು ಬಂದಿದ್ದೇನೆ ಅಂದಿರಿ. 'ಅಂಗಾದ್ರೆ ಅಟ್ಟದ ಮೇಲಿರೋ ಕಾಯಿ ಒಳಗೇ ಕೆಟ್ಟೈತೋ ಇಲ್ವೋ ಗೊತ್ತಾಯ್ತದಾ ಭಾವ?' ಅಂದ ಶಿವಮೂರ್ತಿ. ನೀವು ನಕ್ಕಿರಿ. ಆ ನಗು ಕೇಳಿ ಎಷ್ಟೋ ದಿನವಾಗಿತ್ತು.

ನಾನು ಅಟ್ಟದ ಕೆಳಗಿನ ಕೋಣೆಗೆ ಹೋದದ್ದನ್ನು ನೀವು ನೋಡಿದ್ದಿರಿ. ಸೆಕೆಗೆ ಬಾಗಿಲು ತೆರೆದೇ ಇತ್ತು. ಜಗಲಿಯಿಂದ ನೇರವಾಗಿ ಏನೂ ಕಾಣುವುದಿಲ್ಲವಲ್ಲ ಎಂದು ಧೈರ್ಯ. ನಾನು ಹೋದ ಮೇಲೂ ನೀವು ಯಂತ್ರ ನಿಲ್ಲಿಸಲಿಲ್ಲ. ನಿಮ್ಮ ಪರದೆಯ ಮೇಲೆ ಬೂದಿ ಬಣ್ಣದ ಮಬ್ಬಿನಲ್ಲಿ ಎರಡು ಆಕಾರ ಮೂಡಿದವಂತೆ. ಮುಖವಿಲ್ಲ, ಬಟ್ಟೆಬರೆ ಗೊತ್ತಾಗುವುದಿಲ್ಲ, ಒಂದರ ಕೈ ಇನ್ನೊಂದರ ಕೊರಳನ್ನು ಬಳಸಿತ್ತು. ಶಿವಮೂರ್ತಿ ಬಿಳಿಚಿಕೊಂಡು ಓಡಿಬಂದು, 'ಅಕ್ಕ, ಇಬ್ರೂ ಕಂಡ್ಬುಟ್ರಿ ಕಣಕ್ಕ' ಅಂದ. ಅಷ್ಟರಲ್ಲಿ ನೀವು ನಡುಮನೆಗೆ ಬಂದಿರಿ. ನಾನು ಹೊರಗೆ ಬಂದು ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

'ಒಳಗೆ ಯಾರಿದ್ದಾರೆ?' ಅಂದಿರಿ.

'ಯಾರೂ ಇಲ್ಲ' ಅಂದೆ.

ನಿಮ್ಮ ಮುಖ ನೋಡಿದಾಗಲೇ ನನ್ನ ಮಾತು ನಿಮಗೆ ಹೇಗೆ ಕೇಳಿಸಿತೆಂದು ತಿಳಿಯಿತು. ಬಾಗಿಲು ತಳ್ಳದೆ ಹಾಗೇ ಪೆಟ್ಟಿಗೆ ಕಟ್ಟಿಕೊಂಡು ಹೊರಟಿರಿ. ತಟ್ಟೆಯಲ್ಲಿ ಹಾಕಿದ ಉಪ್ಪಿಟ್ಟು ಆರಿಹೋಯಿತು.

ಆಮೇಲೆ ನೀವು ಪಕ್ಕದ ಮನೆಯ ಲಕ್ಷ್ಮಕ್ಕನಿಗೆ ಫೋನ್ ಮಾಡಿದ್ದೂ ನನಗೆ ಗೊತ್ತು. 'ಯಾವನಾದ್ರೂ ಬಂದೋಗ್ತಾನಾ ಅಂತ ನಿನ್ ಗಂಡ ಕೇಳ್ದ ಕಣೇ. ಉತ್ರ ಕೊಡಕ್ಕೆ ನಂಗೇ ನಾಚ್ಕೆ ಆಯ್ತು' ಎಂದು ಅವಳು ಬೇಲಿಯ ಬಳಿ ನಿಂತು ಹೇಳಿದಳು. ನಾನು ಪಾಠ ಮಾಡುವ ಹೊನ್ನವಳ್ಳಿಯ ಶಾಲೆಯಲ್ಲೂ ಯಾರನ್ನಾದರೂ ವಿಚಾರಿಸಿದ್ದೀರಾ? ಸ್ಟಾಫ್ ರೂಮಿನಲ್ಲಿ ಯಾರಾದರೂ ನನ್ನನ್ನು ಕಂಡು ಮಾತು ನಿಲ್ಲಿಸಿದರೆ ಅದೇ ಅನುಮಾನ ಬರುತ್ತದೆ.

ಬೆಂಗಳೂರಿನಲ್ಲಿ ನಾನು ಸ್ನಾನಕ್ಕೆ ಹೋದಾಗ ನೀವು ನನ್ನ ಫೋನು ತೆರೆದು ನೋಡುತ್ತಿದ್ದಿರಿ. ಅದಕ್ಕೇ ನಾನು ತವರಿಗೆ ಬಂದದ್ದು. ಇಲ್ಲಿಗೆ ಗೋಡೆ ದಾಟಿ ನೋಡುವ ಯಂತ್ರವನ್ನೇ ತಂದಿರಿ. ಪರೀಕ್ಷೆಗೆ ಒಂದು ಮನೆ ಬೇಕಿದ್ದರೆ ಬೆಂಗಳೂರಿನಲ್ಲಿ ಸಿಗುತ್ತಿರಲಿಲ್ಲವೇ? ನಮ್ಮ ಮನೆಯೇ ಯಾಕೆ? ಇದನ್ನು ನಾನು ನನಗೇ ಕೇಳಿಕೊಳ್ಳುತ್ತಿದ್ದೇನೆ. ನೀವು ಏನು ಹೇಳಿದರೂ ನಂಬುತ್ತೇನೋ ಇಲ್ಲವೋ ಗೊತ್ತಿಲ್ಲ. ಅನುಮಾನ ನಿಮ್ಮೊಬ್ಬರಿಗೇ ಅಂಟಿದ ರೋಗ ಅಂದುಕೊಂಡಿದ್ದೆ. ನನಗೂ ಅಂಟಿದೆ.

ಈಗ ನಿಮ್ಮ ಪ್ರಶ್ನೆ. ಹೌದು, ಕೋಣೆಯಲ್ಲಿ ಇಬ್ಬರಿದ್ದೆವು. ಅವರು ನನ್ನ ಕೊರಳು ತಬ್ಬಿದ್ದೂ ನಿಜ, ನಾನು ಅವರನ್ನು ಹಿಡಿದುಕೊಂಡಿದ್ದೂ ನಿಜ. ಯಾರು ಎಂದು ಮಾತ್ರ ಹೇಳಲಾರೆ. ಯಾರಿಗೂ, ಅದರಲ್ಲೂ ನಿಮಗೆ, ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ನಾನು ತಪ್ಪು ಮಾಡಿಲ್ಲ ಎನ್ನುವುದಕ್ಕೆ ನಿಮಗೆ ಕೊಡಲು ನನ್ನ ಮಾತೊಂದನ್ನು ಬಿಟ್ಟರೆ ನನ್ನ ಬಳಿ ಬೇರೆ ಸಾಕ್ಷಿ ಇಲ್ಲ.

ವಕೀಲರ ಹತ್ತಿರ ಹೋಗುವುದಾದರೆ ಹೋಗಿ. ಆದರೆ ಆ ಚಿತ್ರವನ್ನು ಇನ್ನೊಬ್ಬರಿಗೆ ತೋರಿಸಬೇಡಿ, ಕೈ ಮುಗಿದು ಕೇಳುತ್ತೇನೆ. ಇದು ನನ್ನ ಮಾನಕ್ಕಾಗಿ ಅಲ್ಲ. ಮುಂದೊಂದು ದಿನ ಸತ್ಯ ತಿಳಿದರೆ ನಿಮಗೇ ತಡೆದುಕೊಳ್ಳಲು ಆಗುವುದಿಲ್ಲ.

ಇಷ್ಟೇ ನನಗೆ ಬರೆಯಲು ಆಗುವುದು,

ಸುಷ್ಮಿತಾ

ಆಮೇಲೆ ಸೇರಿಸಿದ್ದು: ಲಕೋಟೆ ಅಂಟಿಸುವ ಮೊದಲು ಇದನ್ನು ಆ ಕೋಣೆಯಲ್ಲಿದ್ದವರಿಗೆ ಓದಿ ಹೇಳಿದೆ. ವಕೀಲರ ಮಾತು ಬಂದಾಗ ಎದ್ದು ಕೂತರು. ನಾನು ಕೊಟ್ಟ ಮಾತನ್ನು ವಾಪಸು ಕೊಟ್ಟಿದ್ದಾರೆ. ಮುಂದಿನದು ಅವರು ಹೇಳಿದ ಹಾಗೇ ಬರೆದದ್ದು:

'ಪ್ರಸಾದ, ಒಳಗಿದ್ದೋಳು ನಿಮ್ಮವ್ವ ಕಣಪ್ಪ. ಚಿಕ್ಕನಾಯಕನಹಳ್ಳೀಲಿ ತಂಗಿ ಮನೇಲಿದೀನಿ ಅಂತ ಫೋನಲ್ಲಿ ಹೇಳಿದ್ದು ಸುಳ್ಳು. ಎದೇಲಿ ಗಂಟಾಗೈತೆ. ಗಂಡುಮಗನ ತಾವ ಅದನ್ನ ಹೆಂಗ್ ಹೇಳಾದು? ಅದ್ಕೇ ಸೊಸೆ ತಾವ ಬಂದೆ. ಸೂಜಿ ಹಾಕಿ ಚೂರು ತೆಗ್ದು ನೋಡವ್ರೆ, ಕೆಟ್ಟ ಗಂಟೇ ಅಂತೆ. ಅವತ್ತು ನಾನು ರವಿಕೆ ಬಿಚ್ಕಂಡು ಕುಂತಿದ್ದೆ, ಇವ್ಳು ಪಟ್ಟಿ ಬದಲಾಯಿಸ್ತಿದ್ಲು. ನೋವು ತಡೀನಾರ್ದೆ ಇವ್ಳ ಕೊಳ್ಳು ಹಿಡ್ಕಂಡೆ. ಶುಕ್ರವಾರ ಹಾಸನದಾಗೆ ಆಪ್ರೇಸನ್. ವಕೀಲ್ರು ಗಿಕೀಲ್ರು ಎಲ್ಲಾ ಬುಡು, ಬಾ. ಬಂದೋನು ಮೊದ್ಲು ಇವ್ಳನ್ನ ಮಾತಾಡ್ಸು. ಆಮ್ಯಾಕೆ ನನ್ನ.'