ಬಸವನಹುಳು ಯಾವ ಕಡಲಿಗೆ

ಏಪ್ರಿಲ್ ೬, ಭಾನುವಾರ. ಬೆಳಿಗ್ಗೆ ೧೧.೪೦

ನೆರೆದ ಎಲ್ಲರಿಗೂ ಮೊದಲು ವಂದನೆ ಸಲ್ಲಿಸಿದೆ. ನೆರೆದವರು ಮೂವರೇ — ಹೆಂಡತಿ, ಮಗಳು, ಹೆಂಡತಿಯ ತಮ್ಮ. ಮೂವರಿದ್ದರೂ ಸಭೆ ಸಭೆಯೇ. ಎದ್ದು ನಿಂತು, ಕುರ್ಚಿಯ ಬೆನ್ನಿಗೆ ಕೈಯಿಟ್ಟು, ಕಾಲೇಜಿನ ಚರ್ಚಾಕೂಟದಲ್ಲಿ ಮಾತಾಡುತ್ತಿದ್ದ ಹಾಗೆಯೇ ಮಾತಾಡಿದೆ. "ಬಂದದ್ದಕ್ಕೆ ಕೃತಜ್ಞ. ಕನಿಕರ ತಂದಿದ್ದರೆ ಅದನ್ನು ಚಪ್ಪಲಿಯ ಪಕ್ಕದಲ್ಲೇ ಬಿಟ್ಟು ಬನ್ನಿ. ನನಗೆ ಅದರ ಅಗತ್ಯವಿಲ್ಲ. ವಿಷಯವೇನು?"

"ವಿಷಯ ಅಂಗಳದಲ್ಲಿ ನಿಂತಿದೆ ಭಾವ," ಎಂದ ಭಾಮೈದ. "ಹನ್ನೊಂದು ತಿಂಗಳಾಯ್ತು. ಟೈರೆಲ್ಲ ಕೂತ್ಕೊಂಡಿವೆ. ಒಳಗೆ ಬೆಕ್ಕು ಮರಿ ಹಾಕಿದೆ."

"ಬೆಕ್ಕಲ್ಲ ಮಾವ, ಅಳಿಲು. ಅದೂ ಹಾಕಿ, ಸಾಕಿ, ಖಾಲಿ ಮಾಡ್ಕೊಂಡು ಹೋಯ್ತು," ಎಂದಳು ಮಗಳು.

ಬಸವನಹುಳುವಿನ ಮಾತು. ಹಳೆಯ ಮಿನಿಬಸ್ಸು. ಸೀಟು ಕಿತ್ತು, ಮಂಚ, ಒಲೆ, ನೀರಿನ ಟ್ಯಾಂಕು, ಮಡಚುವ ಮೇಜು ಕೂರಿಸಿ ಮಗ, ನಮ್ಮ ದೊಡ್ಡವನು, ಎರಡು ವರ್ಷ ಕೂತು ಮಾಡಿದ ಮನೆಗಾಡಿ. ಮನೆಯನ್ನು ಬೆನ್ನ ಮೇಲೆ ಹೊತ್ತು ನಿಧಾನಕ್ಕೆ ಹೋಗುತ್ತದೆಂದು ಅವನೇ ಇಟ್ಟ ಹೆಸರು. ಕಳೆದ ಮೇ ತಿಂಗಳಲ್ಲಿ ಅದರಲ್ಲಿ ನಾವೆಲ್ಲ ಕಡಲಿಗೆ ಹೋಗಬೇಕಿತ್ತು. ಮೇ ೧೭ರಂದು ಅವನ ಬೈಕಿಗೆ ಲಾರಿಯೊಂದು... ಅದನ್ನು ಬರೆಯುವುದಿಲ್ಲ.

ಈಗ ಇವಳಿಗೆ, ಹೆಂಡತಿಗೆ, ಹೋಗಲೇಬೇಕು. ವರ್ಷ ತುಂಬುವ ದಿನ ಈ ಮನೆಯೊಳಗೆ ಇರಲಾರೆ ಎನ್ನುತ್ತಾಳೆ. ಎರಡು ತೀರಗಳಲ್ಲೂ ಗಾಡಿ ನಿಲ್ಲಿಸುವ ಜಾಗವನ್ನು ಮಗಳು ಹಿಡಿದಿಟ್ಟಿದ್ದಾಳೆ. ಯಾವುದು ಎಂಬುದನ್ನು ಇಪ್ಪತ್ತರೊಳಗೆ ತಿಳಿಸಬೇಕು. ಉದ್ದ ಮರಳಿನ ತೀರ ಎಂಬುದು ಇವಳ ಪಕ್ಷ. ದೀಪಸ್ತಂಭದ ತೀರ ಎಂಬುದು ಮಗಳ ಪಕ್ಷ. ಗಾಡಿ ಮಾರಿ ಹೋಟೆಲಿನಲ್ಲಿ ಇಳಿದುಕೊಳ್ಳಿ ಎಂಬುದು ಭಾಮೈದನ ಪಕ್ಷ. ಅವನಿಗೆ ಯಾವ ಚರ್ಚೆಯಲ್ಲೂ ಮೂರನೆಯ ಪಕ್ಷವೊಂದು ಬೇಕು.

ಆಮೇಲೆ ಮೂವರೂ ನನ್ನ ಮುಖ ನೋಡಿದರು. ಈ ಮನೆಯಲ್ಲಿ ತೀರ್ಪು ನನ್ನದು. ಮಕ್ಕಳು ಮಾತು ಕಲಿತಂದಿನಿಂದ ಹೀಗೆಯೇ ನಡೆದುಬಂದಿದೆ — ಪರ ಮೂರು ನಿಮಿಷ, ವಿರೋಧ ಮೂರು ನಿಮಿಷ, ಹೊತ್ತು ಮೀರಿದರೆ ಚಮಚದಿಂದ ಲೋಟಕ್ಕೊಂದು ಏಟು, ಕಡೆಗೆ ತೀರ್ಪು.

"ಕಾಯ್ದಿರಿಸಿದ್ದೇನೆ," ಎಂದೆ.

ಇವಳು ಎದ್ದು ಅಡುಗೆಮನೆಗೆ ಹೋದಳು. ಆ ಪದ ಬಳಸಬಾರದಿತ್ತು.

ಏಪ್ರಿಲ್ ೭, ಸೋಮವಾರ. ಸಂಜೆ ೬.೧೫

ಒಂಬತ್ತು ಮಹಡಿಯ ಕಟ್ಟಡ. ಎರಡು ಲಿಫ್ಟು ಪರೀಕ್ಷಿಸಿ ಸಹಿ ಹಾಕುವುದು ಇಂದಿನ ಸರ್ಕಾರಿ ಕೆಲಸ. ಛಾವಣಿಯ ಮೇಲಿನ ಮೋಟಾರ್ ಕೋಣೆಯಲ್ಲಿ ಗ್ರೀಸಿನ ವಾಸನೆ, ಪಾರಿವಾಳದ ಪುಕ್ಕ. ಭಾರದ ಕಬ್ಬಿಣದ ಗಟ್ಟಿಗಳನ್ನು ತುಂಬಿಸಿ ಮೂರು ಬಾರಿ ಇಳಿಸಿದೆ. ಎಡಗಡೆಯದು ಮೂರು ಬಾರಿಯೂ ಒಂದು ಗೇಣು ಜಾರಿ ನಿಂತಿತು. ಬೀಗ ಹಾಕಿಸಿದೆ.

ಕಟ್ಟಡದ ಮ್ಯಾನೇಜರ್ ಹಿಂದೆಯೇ ಮೆಟ್ಟಿಲಿಳಿದ. "ಒಂದು ಗೇಣು ತಾನೇ ಸರ್. ಏಳನೇ ಫ್ಲೋರಲ್ಲಿ ವಯಸ್ಸಾದೋರಿದ್ದಾರೆ. ಸಹಿ ಹಾಕ್ಬಿಡಿ, ವಾರದೊಳಗೆ ಮಾಡಿಸ್ತೀನಿ."

"ವಯಸ್ಸಾದವರಿದ್ದಾರೆ ಎಂಬುದು ನನ್ನ ಪಕ್ಷದ ವಾದ. ಅದನ್ನು ನೀವು ಎತ್ತಿಕೊಳ್ಳಬೇಡಿ."

ಪರೀಕ್ಷಿಸದೆ ಸಹಿ ಹಾಕಿದವನಲ್ಲ ನಾನು. ಪರೀಕ್ಷಿಸದೆ ಆಕ್ಷೇಪ ಬರೆದವನೂ ಅಲ್ಲ. ಇಪ್ಪತ್ತೆಂಟು ವರ್ಷಗಳ ಸೇವೆಯಲ್ಲಿ ಒಮ್ಮೆಯೂ ಇಲ್ಲ. ಕಚೇರಿಯಲ್ಲಿ — ಒಮ್ಮೆಯೂ ಇಲ್ಲ.

ಏಪ್ರಿಲ್ ೯, ಬುಧವಾರ. ಬೆಳಿಗ್ಗೆ ೭.೩೦

ತಿಂಡಿಯ ಹೊತ್ತು. ಇವಳು ತಟ್ಟೆ ಮುಂದಿಟ್ಟು, ಕೂರದೆ, ಹೇಳಿದಳು.

"ರೀ, ಇಪ್ಪತ್ತನೇ ತಾರೀಖು ಭಾನುವಾರ. ಅವತ್ತು ನೀವು ಬಾಯಿ ಬಿಡಬೇಕು. ಇನ್ನೊಂದ್ಸಲ ಕಾಯ್ದಿರಿಸ್ತೀನಿ ಅಂದ್ರೆ ನಾನೂ ಮಗಳೂ ಅವತ್ತೇ ತಮ್ಮನ ಕಾರಲ್ಲಿ ಅವನ ಮನೆಗೆ ಹೊರಡ್ತೀವಿ. ಕಡಲಿಂದ ವಾಪಸ್ಸು ಬಂದ್ರೂ ಈ ಮನೆಗೆ ಬರಲ್ಲ."

"ಇದು ವಾದವಲ್ಲ. ಬೆದರಿಕೆ."

"ಹ್ಞೂಂ, ಬೆದರಿಕೆನೇ. ಬರ್ಕೊಳ್ಳಿ ನಿಮ್ಮ ಡೈರೀಲಿ."

ಬರೆದುಕೊಂಡಿದ್ದೇನೆ.

ದೀಪಸ್ತಂಭ ಏಕೆ ಬೇಡವೆಂದು ಕೇಳಿದೆ. ಇವಳು ಕಿಟಕಿಯಿಂದ ಗಾಡಿಯನ್ನೇ ನೋಡುತ್ತಿದ್ದಳು. "ಆ ರಸ್ತೆ ಏರು ಇಲ್ದಿದ್ರೆ ಹೊಸ ಬ್ರೇಕ್ ಬೇಕಿರ್ಲಿಲ್ಲ. ಬ್ರೇಕ್ ಬೇಕಿಲ್ದಿದ್ರೆ ಅವನು ಅವತ್ತು ಅಂಗಡಿಗೆ ಹೋಗ್ತಿರ್ಲಿಲ್ಲ. ಆ ರಸ್ತೆ ಮುಖ ನಾನು ನೋಡಲ್ಲ."

ತಟ್ಟೆಯನ್ನು ಸಿಂಕಿಗೆ ಒಯ್ದಿಟ್ಟೆ. ಉತ್ತರವಿತ್ತು. ಕೊಡಲಿಲ್ಲ.

ಅದೇ ದಿನ. ಸಂಜೆ ೫.೫೦

ನಡೆದದ್ದನ್ನು ನಡೆದ ಕ್ರಮದಲ್ಲಿಯೇ ದಾಖಲಿಸುತ್ತೇನೆ.

ಕಳೆದ ವರ್ಷ ಮೇ ೪. ಊಟದ ಮೇಜು. ವಿಷಯ: ಬಸವನಹುಳು ಯಾವ ಕಡಲಿಗೆ ಹೋಗತಕ್ಕದ್ದು. ಯಾರು ಯಾವ ಪಕ್ಷವೆಂಬುದನ್ನು ನಾಣ್ಯ ಚಿಮ್ಮಿಸಿ ಗೊತ್ತುಮಾಡುವುದು ಮನೆಯ ನಿಯಮ. ಸ್ವಂತ ಇಷ್ಟಕ್ಕೆ ಅಲ್ಲಿ ಜಾಗವಿಲ್ಲ. ಮಗಳು ಉದ್ದ ಮರಳಿನ ಪರ. ಸಪಾಟು ರಸ್ತೆ, ಗಾಡಿಯ ಬಾಗಿಲು ತೆರೆದರೆ ಎದುರಿಗೇ ಸಮುದ್ರ, ಸ್ನಾನಕ್ಕೆ ಸಿಹಿನೀರು. ಚೆನ್ನಾಗಿಯೇ ಮಾತಾಡಿದಳು.

ದೊಡ್ಡವನು ದೀಪಸ್ತಂಭದ ಪರ ಎದ್ದು ನಿಂತ. "ಮಾನ್ಯ ಅಧ್ಯಕ್ಷರೇ, ಉದ್ದ ಮರಳಲ್ಲಿ ಒಂದು ಮರ ಇಲ್ಲ. ಗಾಳಿಗೆ ಒಲೆ ಹತ್ತಲ್ಲ. ಅಲೆ ಆಳೆತ್ತರ. ದೀಪಸ್ತಂಭದ ಕೆಳಗೆ ಬಂಡೆ ಮಧ್ಯ ಬಟ್ಟಲಿನ ಥರ ನೀರು ನಿಂತಿರುತ್ತೆ, ಮೊಣಕಾಲುದ್ದ. ಈಜು ಬಾರದ ನ್ಯಾಯಾಧೀಶರು ಶೂ ಬಿಚ್ಚಿ ಇಳಿಯಬಹುದಾದ ಸಮುದ್ರ ಇಡೀ ಕರಾವಳೀಲಿ ಅದೊಂದೇ."

ಎಲ್ಲರೂ ನಕ್ಕರು. ಇವಳೂ ನಕ್ಕಳು. ಭಾಮೈದ ಮೇಜು ಬಡಿದ — "ಶೂ ಬಿಚ್ಚಿದ್ರೆ ಭಾವ ನ್ಯಾಯಾಧೀಶರಾಗಿ ಉಳಿಯೋದಿಲ್ಲ ಕಣೋ."

ಅವನು ಗೆದ್ದಿದ್ದ. ಎರಡನೆಯ ನಿಮಿಷದಲ್ಲಿಯೇ ಗೆದ್ದಿದ್ದ. ಲೋಟಕ್ಕೆ ಏಟು ಬಿದ್ದೊಡನೆ ನಾನು ಹೇಳಬೇಕಾಗಿದ್ದುದು ಒಂದೇ ವಾಕ್ಯ.

ಆ ನಗು ಕಿವಿಯಲ್ಲಿ ಇನ್ನೂ ಇತ್ತು. ಹೇಳಿದ್ದು ಬೇರೆ. "ದೀಪಸ್ತಂಭದ ರಸ್ತೆ ಕೊನೆಯ ಎರಡು ಕಿಲೋಮೀಟರು ಕಡಿದಾದ ಏರು. ಗಾಡಿಯ ಬ್ರೇಕಿನ ಬಗ್ಗೆ ನನಗೆ ಆಕ್ಷೇಪವಿದೆ. ಪ್ಯಾಡ್ ಬದಲಾಗುವ ತನಕ ತೀರ್ಪು ಕಾಯ್ದಿರಿಸಲಾಗಿದೆ."

"ಅಪ್ಪ, ಬ್ರೇಕ್ ಚೆನ್ನಾಗಿದೆ."

"ಪ್ರತಿವಾದಕ್ಕೆ ಅವಕಾಶವಿಲ್ಲ."

ಅಂದೇ ತೀರ್ಪು ಕೊಟ್ಟಿದ್ದರೆ ಹತ್ತನೇ ತಾರೀಖು ಹೊರಟಿರುತ್ತಿದ್ದೆವು. ಹದಿನೇಳರಂದು ನಾವೆಲ್ಲ ಕಡಲ ದಂಡೆಯಲ್ಲಿರುತ್ತಿದ್ದೆವು. ಹದಿನೇಳರಂದು ಅವನು ಪ್ಯಾಡ್ ತರಲು ಹೋದ. ತಂದಿದ್ದ ಕೂಡ. ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಹೆಲ್ಮೆಟ್ಟು, ಫೋನು, ಪ್ಯಾಡಿನ ರಟ್ಟಿನ ಡಬ್ಬಿ. ಡಬ್ಬಿ ನನ್ನ ಬೀರುವಿನಲ್ಲಿ, ಫೈಲುಗಳ ಹಿಂದೆ ಇದೆ. ತೆರೆದಿಲ್ಲ.

ಬ್ರೇಕ್ ಕೆಟ್ಟಿದ್ದರೆ ನನ್ನ ಆಕ್ಷೇಪ ನ್ಯಾಯವಾದದ್ದು. ಹನ್ನೊಂದು ತಿಂಗಳಿಂದ ಈ ಒಂದು ವಾಕ್ಯವನ್ನು ಊರುಗೋಲಿನಂತೆ ಹಿಡಿದು ನಡೆದಿದ್ದೇನೆ. ಕೆಟ್ಟಿತ್ತೋ ಇಲ್ಲವೋ — ಚಕ್ರ ಬಿಚ್ಚಿ ನೋಡಿಲ್ಲ.

ಏಪ್ರಿಲ್ ೧೩, ಭಾನುವಾರ. ಮಧ್ಯಾಹ್ನ ೧೨.೩೦

ಮೆಕ್ಯಾನಿಕ್‌ನನ್ನು ಕರೆಸಿದೆ. ದೊಡ್ಡವನಿಗೆ ಗಾಡಿ ಕೆಲಸ ಕಲಿಸಿದ ಮನುಷ್ಯ, ಅರವತ್ತು ದಾಟಿದೆ. ಬಂದವನೇ ಬಸವನಹುಳುವಿನ ಬದಿಯನ್ನು ಅಂಗೈಯಿಂದ ಎರಡು ಸಲ ತಟ್ಟಿದ, ದನದ ಮೈ ತಟ್ಟುವಂತೆ. ಜಾಕ್ ಏರಿಸಿದ. ಮುಂದಿನ ಎಡ ಚಕ್ರ ಕಳಚಿದ. ಡಬ್ಬಿಯನ್ನು ಅವನ ಪಕ್ಕದಲ್ಲಿಟ್ಟೆ. ಒಂದು ಮೂಲೆ ನಜ್ಜುಗುಜ್ಜಾಗಿದೆ. ಅವನು ಅದನ್ನು ನೋಡಿ, ಸ್ಪ್ಯಾನರ್ ಎತ್ತಿಕೊಂಡ.

ಹಳೆಯ ಪ್ಯಾಡನ್ನು ಹೊರತೆಗೆದು ಬೆಳಕಿಗೆ ಹಿಡಿದ. ಉಗುರಿನಿಂದ ಕೆರೆದ.

"ಇದನ್ನ ಯಾಕೆ ಸರ್ ತೆಗೀಬೇಕು? ಅರ್ಧಕ್ಕಿಂತ ಜಾಸ್ತಿ ಇದೆ. ಇನ್ನೆರಡು ವರ್ಷ ಆರಾಮಾಗಿ ಬರುತ್ತೆ."

"ಎಲ್ಲ ಚಕ್ರಗಳನ್ನೂ ನೋಡಿ."

ನೋಡಿದ. ಎಲ್ಲ ಹಾಗೆಯೇ. "ನಾನೇ ಹಾಕಿದ್ದು ಸರ್ ಇವು. ನಿಮ್ಮ ಮಗನಿಗೂ ಗೊತ್ತಿತ್ತು. 'ನಮ್ಮಪ್ಪನಿಗೆ ಕಣ್ಣಿಗೆ ಕಾಣೋ ಹಾಗೆ ಹೊಸದು ಬೇಕು, ಹಾಕಿಬಿಡೋಣ' ಅಂತ ನಗ್ತಿದ್ದ ಅವತ್ತು."

ಹೊಸದನ್ನೇ ಹಾಕಿ ಎಂದೆ. ಹಾಕಿದ. ಹಳೆಯದು ಈಗ ಈ ಮೇಜಿನ ಮೇಲಿದೆ. ಅಳತೆ ಪಟ್ಟಿಯಿಂದ ಅಳೆದೆ. ಮತ್ತೊಮ್ಮೆ ಅಳೆದೆ.

ಏಪ್ರಿಲ್ ೧೫, ಮಂಗಳವಾರ

ಕಚೇರಿಗೆ ಹೋದೆ. ಯಾವ ಸಹಿಯನ್ನೂ ಹಾಕಲಿಲ್ಲ. ಯಾವ ಆಕ್ಷೇಪವನ್ನೂ.

ಏಪ್ರಿಲ್ ೧೬, ಬುಧವಾರ. ಸಂಜೆ ೬.೪೦

ಮಗಳು ಗಾಡಿಯೊಳಗೆ ಧೂಳು ಹೊಡೆಯುತ್ತಿದ್ದಳು. ಅಳಿಲಿನ ಗೂಡನ್ನು ಮೊರದಲ್ಲಿ ಹೊರಗೆ ತಂದಳು — ದೊಡ್ಡವನ ಕಾಲುಚೀಲದ ನೂಲು, ರಸೀತಿ ಚೂರು, ಹತ್ತಿ.

ಕೇಳಿದೆ: "ನೀನು ದೀಪಸ್ತಂಭದ ಪಕ್ಷ ವಹಿಸುತ್ತಿರುವುದು ಯಾವ ಆಧಾರದ ಮೇಲೆ? ಕಳೆದ ವರ್ಷ ಅದಕ್ಕೆ ವಿರುದ್ಧವಾಗಿ ವಾದಿಸಿದೆ."

"ಬೈಯಲ್ಲ ಅಂದ್ರೆ ಹೇಳ್ತೀನಿ."

"ಷರತ್ತಿನ ಸಾಕ್ಷ್ಯ ಸ್ವೀಕರಿಸುವುದಿಲ್ಲ."

"ಅಪ್ಪ, ನಿಮ್ಜೊತೆ ಉಪ್ಪು ಕೊಡಿ ಅನ್ನೋಕೂ ವಕೀಲರನ್ನ ಇಟ್ಕೋಬೇಕು." ಮೊರ ಕೆಳಗಿಟ್ಟಳು. "ನಾಣ್ಯದಲ್ಲಿ ಅಣ್ಣನಿಗೆ ಬಿದ್ದಿದ್ದು ಉದ್ದ ಮರಳು. ಅವನಿಗೆ ಇಷ್ಟವೂ ಅದೇ, ಅಲೆ ಅಂದ್ರೆ ಪ್ರಾಣ ಅವನಿಗೆ. ನೀವು ಫೋನ್ ಬಂತು ಅಂತ ಎದ್ದು ಹೋದ್ರಲ್ಲ, ಆವಾಗಲೇ ನಾಣ್ಯ ಚಿಮ್ಮಿಸಿದ್ದು, ಅಮ್ಮನೂ ಒಳಗಿದ್ರು. ನನ್ನ ಹತ್ರ ಬದಲಾಯಿಸ್ಕೊಂಡ."

"ನಿಯಮಭಂಗ. ಏಕೆ?"

"ಉದ್ದ ಮರಳಲ್ಲಾದ್ರೆ ಅಪ್ಪ ದಂಡೇಲಿ ಶೂ ಹಾಕ್ಕೊಂಡು, ವಾಚ್ ನೋಡ್ಕೊಂಡು, ನಮ್ಮ ಟವೆಲ್ ಕಾಯ್ತಾ ನಿಂತಿರ್ತಾರೆ. ಒಂದ್ಸಲನಾದ್ರೂ ನೀರಿಗೆ ಇಳಿಸ್ಬೇಕು ಕಣೇ ಅಂದ."

ಅವಳು ಮೊರ ಎತ್ತಿಕೊಂಡಳು.

"ನಕ್ಕಿದ್ದು ನಿಮ್ಮನ್ನ ಆಡಿಕೊಳ್ಳೋಕಲ್ಲ ಅಪ್ಪ."

ಅಮ್ಮನಿಗೆ ಇದು ಗೊತ್ತೇ ಎಂದು ಕೇಳಿದೆ. ಇಲ್ಲವಂತೆ. ಅಮ್ಮನಿಗೆ ಹೇಳಬೇಡವೆಂದು ನಾನು ಹೇಳಲಿಲ್ಲ. ಹೇಳು ಎಂದೂ ಹೇಳಲಿಲ್ಲ. ಹೆಂಡತಿಗೆ ಹೇಳಬೇಕಾದದ್ದು ನನ್ನ ಬಳಿ ಬೇರೆಯೇ ಇದೆ.

ಏಪ್ರಿಲ್ ೧೯, ಶನಿವಾರ. ಮಧ್ಯಾಹ್ನ ೧.೨೦

ಹನ್ನೆರಡು ವರ್ಷಗಳ ನಂತರ ದೊಡ್ಡ ಗಾಡಿಯ ಸ್ಟೇರಿಂಗ್ ಹಿಡಿದೆ. ಟ್ಯಾಂಕು ತುಂಬ ನೀರು, ಹಿಂದೆ ಹದಿನೆಂಟು ನೀರಿನ ಕ್ಯಾನು, ಪಕ್ಕದಲ್ಲಿ ಮೆಕ್ಯಾನಿಕ್. ಊರಾಚೆಯ ಮೇಲ್ಸೇತುವೆಯ ಇಳಿಜಾರು. ಮೇಲಿನಿಂದ ಮೂರು ಬಾರಿ ಇಳಿದು ನಡುವೆ ಸುಣ್ಣದಲ್ಲಿ ಎಳೆದ ಗೆರೆಯ ಬಳಿ ನಿಲ್ಲಿಸಿದೆ. ಮೊದಲ ಬಾರಿ ಕ್ಲಚ್ಚನ್ನು ಬೇಗ ಬಿಟ್ಟೆ. ಒಂದು ಕ್ಯಾನು ಉರುಳಿ ಬಂದು ನನ್ನ ಸೀಟಿಗೆ ಗುದ್ದಿತು.

"ಗಾಡಿ ಸರಿಯಾಗಿದೆ ಸರ್, ಡ್ರೈವರ್‌ಗೆ ಸರ್ವಿಸ್ ಬೇಕು," ಎಂದ ಮೆಕ್ಯಾನಿಕ್.

ಎರಡನೆಯ ಬಾರಿ ನಿಂತಿತು. ಮೂರನೆಯ ಬಾರಿಯೂ. ಗೆರೆ ದಾಟಲಿಲ್ಲ. ಹೊಸ ಪ್ಯಾಡ್ ಕಳಚಿಸಿ, ಹಳೆಯದನ್ನೇ ಮತ್ತೆ ಹಾಕಿಸಿ, ಅದೇ ಭಾರದೊಡನೆ ಅದೇ ಇಳಿಜಾರಿನಲ್ಲಿ ಇಳಿಸಿದೆ. ಆ ಮನುಷ್ಯನಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು, ಆದರೂ ಮಾಡಿದ. ಹಳೆಯದೂ ಗೆರೆಯ ಮೇಲೆಯೇ ನಿಂತಿತು. ಆಮೇಲೆ ಹೊಸದನ್ನೇ ಮತ್ತೆ ಕೂರಿಸಿ, ಹಳೆಯದನ್ನು ಮನೆಗೆ ತಂದೆ.

ಪರೀಕ್ಷೆ ಮುಗಿದಿದೆ. ಹನ್ನೊಂದು ತಿಂಗಳು ತಡವಾಗಿ.

ಮನೆಗೆ ಬಂದಾಗ ಇವಳು ಗೇಟಿನ ಬಳಿ ನಿಂತಿದ್ದಳು. ಚಾಲಕನ ಬಾಗಿಲಿನಿಂದ ನಾನು ಇಳಿದದ್ದನ್ನು ನೋಡಿದಳು. ಅರೆಕ್ಷಣ ಬೇರೆ ಯಾರನ್ನೋ ಎದುರುನೋಡಿದವಳ ಮುಖ. ಆಮೇಲೆ, "ಎಲ್ಲಿಗೆ?" ಎಂದಳು.

"ನಾಳೆ ಹೇಳುತ್ತೇನೆ."

"ನಾಳೆ ನನ್ನ ಬ್ಯಾಗ್ ರೆಡಿ ಇರುತ್ತೆ," ಎಂದಳು. "ಯಾವ ಗಾಡಿಗೆ ಇಡಬೇಕು ಅನ್ನೋದು ನಿಮಗೆ ಬಿಟ್ಟಿದ್ದು."

ಏಪ್ರಿಲ್ ೨೦, ಭಾನುವಾರ. ಬೆಳಿಗ್ಗೆ ೧೦.೪೫

ಹನ್ನೊಂದಕ್ಕೆ ಸಭೆ. ಬಸವನಹುಳುವಿನೊಳಗೆ, ಮಡಚುವ ಮೇಜಿನ ಸುತ್ತ. ಮೇಜಿನ ಮೇಲೆ ಹಳೆಯ ಪ್ಯಾಡು, ಅಳತೆ ಪಟ್ಟಿ. ಭಾಷಣ ಬರೆದುಕೊಳ್ಳುತ್ತಿದ್ದೇನೆ. ಕಾಲೇಜಿನಲ್ಲಿ ಎಂದೂ ಚೀಟಿ ಹಿಡಿದು ಮಾತಾಡಿದವನಲ್ಲ.

ನೆರೆದವರಿಗೆ ವಂದನೆ. ಕಳೆದ ವರ್ಷ ಮೇ ೪ರ ಚರ್ಚೆಯಲ್ಲಿ ದೀಪಸ್ತಂಭದ ಪಕ್ಷ ಗೆದ್ದಿತು. ಅಂದೇ ಗೆದ್ದಿತ್ತು, ಅಧ್ಯಕ್ಷನಿಗೆ ಅದು ತಿಳಿದಿತ್ತು. ಹಿಂದಿನ ತಾರೀಖು ಹಾಕುವುದಿಲ್ಲ. ಇಂದಿನ ತಾರೀಖಿನಲ್ಲಿಯೇ ಸಹಿ ಮಾಡಿದ್ದೇನೆ.

ನನ್ನೊಬ್ಬನ ನಿರ್ಧಾರವಿದು, ಚರ್ಚೆಗಿಲ್ಲ: ಈ ಗಾಡಿ ಮೇ ೧೭ರ ಬೆಳಿಗ್ಗೆ ದೀಪಸ್ತಂಭದ ಕೆಳಗೆ ನಿಂತಿರುತ್ತದೆ. ಓಡಿಸುವವನು ನಾನು. ನೀರಿಗೆ ಇಳಿಯುವವನೂ ನಾನು. ಯಾರು ಬಂದರೂ ಸರಿ. ಯಾರೂ ಬಾರದಿದ್ದರೆ — ಬಾರದಿರಲು ಇವಳಿಗೆ ಕಾರಣ ಬೇಕು. ಆ ಕಾರಣವನ್ನು ಮೊದಲು ನಾನೇ ಕೊಡಬೇಕು. ಅದನ್ನು ಕೇಳಿಯೂ ಇವಳು ಈ ಗಾಡಿ ಹತ್ತಬೇಕೆಂದು ವಾದಿಸುವುದಿಲ್ಲ. ಒಂದು ನಿಮಿಷವೂ ಇಲ್ಲ. ಕನಿಕರ ಬೇಡವೆಂದಿದ್ದೆ. ಕ್ಷಮೆಯನ್ನೂ ಕೇಳುವುದಿಲ್ಲ, ಕೇಳಿದರೆ ಅವಳು ಕೊಡಬೇಕಾಗುತ್ತದೆ.

೧೦.೫೮

ಬಂದರು. ಭಾಮೈದನ ಕೈಯಲ್ಲಿ ಕಾರಿನ ಕೀ. ಇವಳು ಎದುರಿಗೆ ಕೂತಳು. ಬ್ಯಾಗನ್ನು ಕೆಳಗಿಡಲಿಲ್ಲ, ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಾಳೆ. ಪ್ಯಾಡನ್ನು ನೋಡುತ್ತಿದ್ದಾಳೆ.

"ಭಾವ, ಶೂ ಎಲ್ಲಿ?" ಎಂದ ಭಾಮೈದ. ಬಿಚ್ಚಿಟ್ಟು ಬಂದಿದ್ದೇನೆ. ಯಾರೂ ನಗಲಿಲ್ಲ.

ಮಗಳು ಲೋಟಕ್ಕೆ ಚಮಚ ಬಡಿದಳು. ಏಳಬೇಕು. ಮೊದಲ ವಾಕ್ಯ ಇದೇ, ಬೇರೆ ಯಾವುದೂ ಅಲ್ಲ — ಆ ಬ್ರೇಕ್ ಚೆನ್ನಾಗಿತ್ತು, ನಾನು ಪರೀಕ್ಷಿಸದೆ ಆಕ್ಷೇಪ ಎತ್ತಿದೆ.