ಗುಬ್ಬಿ ಹಿಡಿದ ತಾಳ

ಮನೆಯಿಂದ, ಜೂನ್ ಹನ್ನೆರಡು, ಬೆಳಗ್ಗೆ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ನಮ್ಮ ಚಿಕ್ಕವಳ ಬಾಣಂತನಕ್ಕೆ ಹೋದ ನೀನು ಕೂಸನ್ನು ಮಡಿಲಿನಿಂದ ಇಳಿಸುವುದೇ ಇಲ್ಲವಂತೆ. ಅವಳೇ ದೂರು ಹೇಳಿದಳು. ನಾನೂ ನನ್ನ ಹೊಲಿಗೆ ಮಿಷಿನ್ನೂ ಚೆನ್ನಾಗಿದ್ದೇವೆ. ನಿನ್ನ ನಡುವಿನ ಮಗಳು ಗುಬ್ಬಿಯ ಗಂಟಲಿನ ಆಪರೇಷನ್ ಗಾಯ ಪೂರ್ತಿ ಮಾಗಿದೆ. ಧಾರಾಳವಾಗಿ ಹಾಡಬಹುದು ಎಂದು ಡಾಕ್ಟರೇ ಹೇಳಿದ್ದಾರೆ. ಉಳಿದದ್ದನ್ನು ಫೋನಿನಲ್ಲಿ ಹೇಳಹೊರಟರೆ ನೀನು ಅರ್ಧಕ್ಕೇ ಅಳುತ್ತೀಯ, ಅದಕ್ಕೇ ಈ ಪತ್ರ.

ದನಿ ಸರಿಮಾಡಿಕೊಳ್ಳಲು ಆಸ್ಪತ್ರೆಯ ಮಾತಿನ ಚಿಕಿತ್ಸೆಯ ಮೇಡಂ ಹತ್ತಿರ ಹೋಗುತ್ತಿದ್ದಳಲ್ಲ, ಅಲ್ಲಿ ಒಬ್ಬ ಬಸ್ ಡ್ರೈವರ್ ಬರುತ್ತಿದ್ದರು. ಲಕ್ವ ಹೊಡೆದು ಮಾತು ನಿಂತಿತ್ತು. ಏನು ಕೇಳಿದರೂ "ಅದು... ಅದು" ಅಷ್ಟೇ. ಒಂದು ದಿನ ಯಾರದೋ ಮೊಬೈಲಿನಲ್ಲಿ ಗುಬ್ಬಿಯ ಹಾಡು ಬಂತಂತೆ. ನೀನು "ಇದೇನೇ ಈ ಕೂಗಾಟ" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದೆಯಲ್ಲ, ಅದೇ. ಆ ಮನುಷ್ಯ ಪಲ್ಲವಿಯನ್ನು ಪದ ಬಿಡದೆ ಹಾಡಿಬಿಟ್ಟರು! ಕೆಲವರಿಗೆ ಮಾತು ಹೋದರೂ ಹಾಡು ಉಳಿದಿರುತ್ತದೆ, ಅದರ ಜಾಡು ಹಿಡಿದೇ ಒಂದೊಂದು ಮಾತನ್ನು ವಾಪಸ್ ಕರೆತರಬಹುದು ಎಂದರಂತೆ ಮೇಡಂ. ಗುಬ್ಬಿ ಕೇಳಿದಳು, "ನಾನೂ ಜೊತೇಲಿ ಕೂತ್ಕೊಳ್ಲಾ?"

ಕೂತಳು ನೋಡು! ಮೈದಾನ ತುಂಬ ಜನರನ್ನು ಕುಣಿಸುತ್ತಿದ್ದವಳು, ಒಬ್ಬರ ಎಡಗೈ ಹಿಡಿದು ತಾಳ ತಟ್ಟುತ್ತಾ "ನೀರು ಬೇಕು" ಎನ್ನುವುದಕ್ಕೆ ರಾಗ ಕಟ್ಟಿ ವಾರಗಟ್ಟಲೆ ಹಾಡಿದಳು. ಅವರು ಸಿಟ್ಟಿಗೆದ್ದು ಕೈ ಕೊಡವಿಕೊಂಡರೆ ಸುಮ್ಮನೆ ಕಾಯುವಳು. ಅಭಿಮಾನಿಗಳು ಫೋಟೋ ಕೇಳಿಕೊಂಡು ಬಂದರೆ, "ಆಮೇಲೆ ಬನ್ನಿ, ನಮ್ಮ ಪಾಠ ನಡೀತಿದೆ" ಎಂದು ಬಾಗಿಲು ಹಾಕುವಳು. ನಮ್ಮ ಗುಬ್ಬಿಗೆ ಇಷ್ಟು ತಾಳ್ಮೆ ಎಲ್ಲಿತ್ತಮ್ಮಾ? ಅಳತೆ ಕೊಡಲು ಎರಡು ನಿಮಿಷ ನಿಲ್ಲದ ಹುಡುಗಿ!

ಮೊನ್ನೆ ನಾನೂ ಹೋಗಿದ್ದೆ. ಡ್ರೈವರ್ ಹೆಂಡತಿಯ ಕಡೆ ತಿರುಗಿ, ಅರ್ಧ ಹಾಡಿ ಅರ್ಧ ಹೇಳಿ, "ನಿಂದು... ಊಟ... ಆಯ್ತಾ?" ಎಂದರು. ಆಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ಮದುವೆಯಾದಾಗಿಂದ ಒಂದ್ಸಲಾನೂ ಕೇಳ್ದೋರಲ್ಲ ಕಣಮ್ಮಾ ಇವರು!" ಎಂದು ಅಳುತ್ತಲೇ ನಕ್ಕರು. ಡ್ರೈವರೂ ನಕ್ಕರು. ಗುಬ್ಬಿ ಮಾತ್ರ ಕಿಟಕಿ ಕಡೆ ತಿರುಗಿ ನಿಂತಳು. ಅವಳು ಸ್ಟೇಜಿಗೆ ಹಾಕುವ ಮಿರಿಮಿರಿ ಬಟ್ಟೆಗಳನ್ನೆಲ್ಲ ಹೊಲಿದವಳು ನಾನೇ. ಆದರೂ ಅವಳು ಅಷ್ಟು ಚೆಂದ ಕಂಡದ್ದು ಆವತ್ತು, ಮೊಣಕೈ ಹತ್ತಿರ ಬಣ್ಣ ಹೋದ ಅಂಗಿಯಲ್ಲಿ.

ಬಾಣಂತಿಗೆ ನನ್ನ ಅಕ್ಕರೆ, ಕೂಸಿನ ಪಾದಕ್ಕೊಂದು ಮುತ್ತು. ನೀನೂ ಸ್ವಲ್ಪ ಹೊತ್ತು ಕಾಲು ಚಾಚಿ ಮಲಗು.

ನಿನ್ನ ದೊಡ್ಡ ಮಗಳು

ತಾ.ಕ.: ಗುಬ್ಬಿ ಈ ವರ್ಷದ ಕಾರ್ಯಕ್ರಮಗಳನ್ನೆಲ್ಲ ಬೇಡವೆಂದಳು. ಆ ಮೇಡಂ ಓದಿದ ಕೋರ್ಸಿಗೇ ಸೇರಿದ್ದಾಳೆ. ಊರೆಲ್ಲ ಏನಂದರೂ ಅವಳಿಗೆ ಲೆಕ್ಕಕ್ಕಿಲ್ಲ. ನೀನು ಏನನ್ನುತ್ತೀಯೋ ಎಂದೇ ಹೆದರಿಕೆ. ತಾನೇ ಹೇಳಬೇಕೆಂದು ಮುಂದಿನ ವಾರ ಅಲ್ಲಿಗೆ ಬರುತ್ತಿದ್ದಾಳೆ. ಗೊತ್ತಿಲ್ಲದವಳ ಹಾಗಿರು. "ಹಾಡು ಬಿಟ್ಟುಬಿಟ್ಟೆಯಾ" ಎಂದು ಮಾತ್ರ ಕೇಳಬೇಡಮ್ಮಾ. ಬಾಗಿಲು ತೆಗೆದ ಕೂಡಲೇ ತಬ್ಬಿಕೊಂಡುಬಿಡು.