ಮಲ್ಲಿಕಾಳ ಪದಗಳಿದ್ದ ಫೋಲ್ಡರು

೨೧ ನವೆಂಬರ್ ೨೦೨೪, ಗುರುವಾರ. ಕಲಬುರಗಿ.

ಲ್ಯಾಪ್‌ಟಾಪನ್ನು ಐದು ದಿನ ಬಂದ್ ಮಾಡದೆ ಇಟ್ಟೆನಲ್ಲ, ಅದೇ ಕೊರೆಯುತ್ತಿದೆ. ನನ್ನ ಹೆಂಡತಿ ಮಲ್ಲಿಕಾ ತೀರಿಕೊಳ್ಳುವ ಮೊದಲು ಹಾಡಿ ರೆಕಾರ್ಡ್ ಮಾಡಿಸಿದ್ದ ಬೀಸುವ ಪದಗಳ ಫೋಲ್ಡರನ್ನು ಶನಿವಾರ ಜಾಗ ಸಾಲದೆಂದು ನಾನೇ ಅಳಿಸಿದೆ. ಇನ್ನೊಂದು ಕಾಪಿ ಇದೆ ಎಂದುಕೊಂಡಿದ್ದೆ. ಇರಲಿಲ್ಲ. ಹಳೆಯ ಕಾಲದ ಹಾರ್ಡ್‌ಡಿಸ್ಕುಗಳಲ್ಲಾದರೆ, ಮೇಲೆ ಹೊಸದೇನೂ ಬರೆಯದಿದ್ದರೆ, ಅಳಿಸಿದ್ದು ವಾಪಸ್ ಸಿಗುತ್ತಿತ್ತು. ಅದಕ್ಕೇ ಏನನ್ನೂ ಮುಟ್ಟದೆ, ಕರೆಂಟಿಗೆ ಹಚ್ಚಿ ಸುಮ್ಮನೆ ಇಟ್ಟಿದ್ದೆ.

ಇಂದು ಮೋಮಿನಪುರದ ಕಂಪ್ಯೂಟರ್ ರಿಪೇರಿಯ ಜಿಲಾನಿ ಅದನ್ನು ನೋಡಿ, ಆಗದೆಂದು ತಲೆಯಾಡಿಸಿದ.

"ಇದು ಹಳೀ ಹಾರ್ಡ್‌ಡಿಸ್ಕ್ ಅಲ್ಲ, ಎಸ್‌ಎಸ್‌ಡಿ ಅದರಿ ಸಾಹೇಬ್ರ. ನೀವು ಅಳಿಸಿದಕೂಡ್ಲೆ ಸಿಸ್ಟಮ್ಮು ಡ್ರೈವಿಗಿ 'ಈ ಬ್ಲಾಕ್‌ನ್ಯಾಗ ಇದ್ದದ್ದು ಇನ್ನ ಬ್ಯಾಡ' ಅಂತ ಹೇಳ್ತದ. ಟ್ರಿಮ್ ಅಂತಾರ ಅದಕ. ಆಮ್ಯಾಲ ಡ್ರೈವು ತಾನೇ ಸಾಫ್ ಮಾಡ್ತದ."

"ನಾ ಏನೂ ಮುಟ್ಟಿಲ್ಲಪಾ."

"ಅದೇ ತಪ್ಪಾಗ್ಯಾದ. ಖಾಲಿ ಕುಂತಾಗೇ ಅದು ಕಸ ಹೊಡೀತದ. ಆವತ್ತೇ ಬಂದ್ ಮಾಡಿ ತಂದಿದ್ರ ನಸೀಬ ನೋಡಬಹುದಿತ್ತು."

ಅವಳ ಪದಗಳಿದ್ದ ಜಾಗ ಈಗ ಅನ್‌ಯೂಸ್ಡ್ ಬ್ಲಾಕ್ಸ್ ಅಂತೆ, ಬಳಕೆಯಲ್ಲಿಲ್ಲದವು. ಕಾಲೇಜಿನ ಇಂಗ್ಲಿಷಿನಲ್ಲಿ ಇಂಥ ಅಲಕ್ಷ್ಯದ ತಪ್ಪಿಗೆ ಒಂದು ಪದವಿತ್ತು, ನೆಗ್ಲೆಕ್ಟೋ ನೆಗ್ಲಿಜೆನ್ಸೋ. ಯಾವುದಾದರೂ ನನಗೇ ಸಲ್ಲುತ್ತದೆ.

ಸಂಜೆ ಕಮಲಾಪುರದಿಂದ ಮಲ್ಲಿಕಾಳ ತಂಗಿ ಸುಮಂಗಲಾ ಫೋನು ಮಾಡಿದ್ದಳು.

"ಮಾಮಾ, ರವಿವಾರ ಬರೂಮುಂದ ಅಕ್ಕನ ಪದ ತರ್ರಿ. ಮಗಳಿಗಿ ಕಲಸ್ತೀನಿ. ನನಗ ಎರಡೇ ನುಡಿ ನೆಪ್ಪದಾವ."

"ತರ್ತೀನವ್ವ" ಎಂದುಬಿಟ್ಟೆ. ಆ ಪದಗಳು ಬೇಡವೆಂದು ಡ್ರೈವಿಗೆ ಹೇಳಿದವನೇ ನಾನು ಎನ್ನಲು ಬಾಯಿ ಬರಲಿಲ್ಲ. ರವಿವಾರ ಎದುರು ಕೂತು ಹೇಳಬೇಕು. ಆಮೇಲೆ ಆ ಎರಡು ನುಡಿಯನ್ನಾದರೂ ಬರೆದುಕೊಳ್ಳಬೇಕು, ನನ್ನೆದುರು ಹಾಡುವ ಮನಸ್ಸು ಅವಳಿಗೆ ಇನ್ನೂ ಉಳಿದಿದ್ದರೆ.